ಶೆಡ್‌ನಿಂದ ಹೊರಕೊಳಕ್ಕೆ ಬಿಟ್ಟ ಮೆದುಚಿಪ್ಪಿನ ಆಮೆಗಳಲ್ಲಿ ಕೆಂಪುಕತ್ತು ರೋಗ: ಲಸಿಕೆ ಹಾಕಿದ್ದರೂ ಸಾವು ಏಕೆ?

ಪ್ರಶ್ನೆ: ಕೊಳದಂಚು

ಎಲ್ಲರಿಗೂ ನಮಸ್ಕಾರ. ಚೀನಾ ಮೆದುಚಿಪ್ಪಿನ ಆಮೆ, ಅಂದರೆ ಪೆಲೋಡಿಸ್ಕಸ್ ಸಿನೆನ್ಸಿಸ್. ಸುಮಾರು 2,000 ಇವೆ, ಸರಾಸರಿ ತೂಕ 200 ಗ್ರಾಂ. ಚಳಿಗಾಲವಿಡೀ ಬಿಸಿನೀರಿನ ಶೆಡ್‌ನಲ್ಲಿ 30 ಡಿಗ್ರಿಯಲ್ಲೇ ಬೆಳೆದವು. ಹೊರಗಿನ ಕೊಳಕ್ಕೆ ಬಿಟ್ಟು ಇವತ್ತಿಗೆ ಹದಿನಾರು ದಿನ. ಕೊಳ 1,000 ಚದರ ಮೀಟರ್, ನೀರು ಒಂದು ಮೀಟರ್ ಆಳ. ನೀರಿನ ತಾಪಮಾನ ಬೆಳಗ್ಗೆ ಆರಕ್ಕೆ 21–22, ಮಧ್ಯಾಹ್ನ 26.

ಒಂಬತ್ತನೇ ದಿನದಿಂದ ಸಾವು ಶುರುವಾಯಿತು. ಮೊದಲು ದಿನಕ್ಕೆ ಎರಡು ಮೂರು ಇತ್ತು, ಈಗ ಹದಿನೈದರ ಹತ್ತಿರ. ಕಾಯಿಲೆ ಬಿದ್ದದ್ದು ನೀರಿಗಿಳಿಯದೆ ದಂಡೆಯಲ್ಲೇ ಕೂತಿರುತ್ತದೆ, ಮುಟ್ಟಿದರೂ ಓಡುವುದಿಲ್ಲ. ಕತ್ತು ಊದಿ ಕೆಂಪಾಗಿ ಒಳಕ್ಕೆ ಎಳೆದುಕೊಳ್ಳಲು ಆಗುವುದಿಲ್ಲ. ಹೊಟ್ಟೆಚಿಪ್ಪಿನ ಮೇಲೆ ಕೆಂಪು ಚುಕ್ಕೆಗಳು, ಕೆಲವಕ್ಕೆ ಮೂಗು ಬಾಯಲ್ಲಿ ರಕ್ತ. ಕೊಯ್ದು ನೋಡಿದರೆ ಲಿವರ್ ಊದಿದೆ, ಗುಲ್ಮ ಕಪ್ಪುಗೆಂಪಾಗಿದೆ, ಕರುಳು ಖಾಲಿ.

ಬೆಳಗ್ಗೆ ಸತ್ತು ಸಿಕ್ಕ ಆಮೆಯ ಕತ್ತಿನ ಗಾಯದಿಂದ ಸ್ವಾಬ್ ತೆಗೆದು ಲ್ಯಾಬ್‌ಗೆ ಕೊಟ್ಟಿದ್ದಕ್ಕೆ ಏರೋಮೋನಾಸ್ ಹೈಡ್ರೋಫಿಲಾ ಅಂತ ವರದಿ ಬಂದಿದೆ. ಕೊಳಕ್ಕೆ ಬಿಡುವ ಐದು ದಿನ ಮೊದಲು ಇದೇ ಬ್ಯಾಕ್ಟೀರಿಯಾದ, ಫಾರ್ಮಲಿನ್‌ನಲ್ಲಿ ಕೊಂದ ಲಸಿಕೆ 0.2 ಮಿ.ಲೀ. ಒಂದು ಡೋಸ್ ಹಾಕಲಾಗಿತ್ತು. ಈಗ ಐದು ದಿನದಿಂದ ಆಹಾರದಲ್ಲಿ ಫ್ಲೋರ್‌ಫೆನಿಕಾಲ್ ಎಂಬ ಆಂಟಿಬಯೋಟಿಕ್, ಕಿಲೋ ತೂಕಕ್ಕೆ 15 ಮಿ.ಗ್ರಾಂ. ಲೆಕ್ಕದಲ್ಲಿ ಹೋಗುತ್ತಿದೆ. ಸಾವು ಇಳಿದಿಲ್ಲ.

ಕೇಳಬೇಕಾದ್ದು ಮೂರು. ಲಸಿಕೆ ಯಾಕೆ ಹಿಡಿಯಲಿಲ್ಲ? ಈಗ ಎರಡನೇ ಡೋಸ್ ಹಾಕಬಹುದೇ? ಔಷಧಿ ಬದಲಿಸಬೇಕೇ?

ಉತ್ತರ 1: ಶೀತರಕ್ತ

ಮೊದಲು ಲಸಿಕೆಯ ವಿಷಯ. ಲಸಿಕೆ ಕೆಟ್ಟಿತ್ತು ಅನ್ನಲು ಇಲ್ಲಿ ಆಧಾರವಿಲ್ಲ, ಅದಕ್ಕೆ ಸಮಯವೇ ಸಿಕ್ಕಿಲ್ಲ. ಆಮೆಯ ಪ್ರತಿಕಾಯ ವ್ಯವಸ್ಥೆ ಕೋಳಿಯದೋ ಹಸುವಿನದೋ ಅಲ್ಲ. ದುಗ್ಧಗ್ರಂಥಿಗಳಿಲ್ಲ. ಪ್ರತಿಕಾಯವನ್ನು ತಿದ್ದಿ ತೀಡಿ ಹರಿತಗೊಳಿಸಲು ಸ್ತನಿಗಳಲ್ಲಿರುವ ಜರ್ಮಿನಲ್ ಸೆಂಟರ್‌ಗಳೂ ಇಲ್ಲ. ಕೆಲಸವೆಲ್ಲ ಥೈಮಸ್, ಗುಲ್ಮ, ಮೂಳೆಮಜ್ಜೆ, ಕರುಳಗೋಡೆಯ ಲಿಂಫಾಯ್ಡ್ ಅಂಗಾಂಶದ ಮೇಲೆ. ಇಂಜೆಕ್ಷನ್ ಕೊಟ್ಟ ಮೇಲೆ ಮೊದಲು ಐಜಿಎಂ ಎಂಬ ಬಗೆಯ ಪ್ರತಿಕಾಯ ಬರುತ್ತದೆ, ಆಮೇಲೆ ನಿಧಾನಕ್ಕೆ ಐಜಿವೈ ಎಂಬ ಬಗೆ. ಬೆಚ್ಚಗಿನ ನೀರಿನಲ್ಲಿದ್ದರೂ ಅಳೆಯಲು ಸಿಗುವಷ್ಟು ಪ್ರತಿಕಾಯಕ್ಕೆ ಒಂದೆರಡು ವಾರ ಬೇಕು, ಗರಿಷ್ಠ ಮಟ್ಟ ಮುಟ್ಟಲು ನಾಲ್ಕರಿಂದ ಎಂಟು ವಾರ. ನೀವು ಐದನೇ ದಿನಕ್ಕೇ ತಣ್ಣೀರಿಗೆ ಬಿಟ್ಟಿರಿ. ಅಲ್ಲಿಗೆ ಆ ಉತ್ಪಾದನೆ ಅರ್ಧದಾರಿಯಲ್ಲೇ ಕುಂಠಿತವಾಗಿದೆ.

ಈ ರೋಗದ ಬೇರು ತಾಪಮಾನದಲ್ಲಿದೆ. 30 ಡಿಗ್ರಿಯಿಂದ ನಸುಕಿನ 21ಕ್ಕೆ ಬಿದ್ದರೆ ಆಮೆಯ ಮೈಯೂ 21ಕ್ಕೇ ಬೀಳುತ್ತದೆ. ಬಿಳಿ ರಕ್ತಕಣಗಳ ಓಡಾಟ, ಬ್ಯಾಕ್ಟೀರಿಯಾ ನುಂಗುವ ವೇಗ, ಕಾಂಪ್ಲಿಮೆಂಟ್ ಎಂಬ ರಕ್ತದ ರಕ್ಷಕ ಪ್ರೋಟೀನ್‌ಗಳ ಕೆಲಸ, ಪ್ರತಿಕಾಯ ತಯಾರಿ ಎಲ್ಲವೂ ಒಟ್ಟಿಗೇ ನಿಧಾನವಾಗುತ್ತವೆ. ಅದರ ಜೊತೆಗೆ ಒತ್ತಡದ ಹಾರ್ಮೋನ್ ಕಾರ್ಟಿಕೋಸ್ಟೆರಾನ್ ಏರುತ್ತದೆ, ಅದು ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳನ್ನು ಕಡಿಮೆ ಮಾಡುತ್ತದೆ. ಏರೋಮೋನಾಸ್‌ಗೆ ಮಾತ್ರ 22 ಡಿಗ್ರಿ ಏನೂ ಕಷ್ಟವಲ್ಲ, ಚೆನ್ನಾಗಿಯೇ ಬೆಳೆಯುತ್ತದೆ. ಕೊಳದ ಕೆಸರಿನಲ್ಲಿ, ನೀರಿನಲ್ಲಿ, ಆರೋಗ್ಯವಾಗಿರುವ ಆಮೆಯ ಕರುಳಿನಲ್ಲೂ ಅದು ಯಾವಾಗಲೂ ಇದ್ದೇ ಇರುತ್ತದೆ. ಹಿಡಿಯುವಾಗ, ಸಾಗಿಸುವಾಗ ಒಂದರ ಉಗುರು ಇನ್ನೊಂದಕ್ಕೆ ತಗುಲಿ ಆದ ಗೀರುಗಳೇ ಅದಕ್ಕೆ ಬಾಗಿಲು. ಒಳಹೊಕ್ಕ ಮೇಲೆ ಅದು ಬಿಡುವ ಏರೋಲೈಸಿನ್ ಎಂಬ ವಿಷ ಜೀವಕೋಶದ ಪೊರೆಗೆ ತೂತು ಕೊರೆಯುತ್ತದೆ. ನೀವು ಕಂಡ ರಕ್ತಸ್ರಾವ, ಊತಗಳ ಹಿಂದೆ ಇಂಥ ವಿಷಗಳೇ ಇವೆ. ಒಂಬತ್ತನೇ ದಿನ ಸಾವು ಶುರುವಾಗಿದ್ದು ಈ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ.

ಕಾಯಿಲೆ ಬಿದ್ದವು ದಂಡೆ ಹತ್ತಿ ಕೂರುವುದನ್ನು ಬರೀ ಸುಸ್ತು ಅಂತ ತಿಳಿಯಬೇಡಿ. ಶೀತರಕ್ತ ಪ್ರಾಣಿ ಜ್ವರ ಬರಿಸಿಕೊಳ್ಳುವುದು ಬಿಸಿಲಿಗೆ ಹೋಗಿಯೇ. 1975ರಲ್ಲಿ ಮ್ಯಾಥ್ಯೂ ಕ್ಲೂಗರ್ ಮತ್ತು ಸಂಗಡಿಗರು ಮರುಭೂಮಿಯ ಇಗುವಾನಾಗಳಿಗೆ ಇದೇ ಏರೋಮೋನಾಸ್ ಹೈಡ್ರೋಫಿಲಾ ಚುಚ್ಚಿ, 34ರಿಂದ 42 ಡಿಗ್ರಿವರೆಗೆ ಬೇರೆಬೇರೆ ತಾಪಮಾನದಲ್ಲಿಟ್ಟು ನೋಡಿದ್ದರು. ಹೆಚ್ಚು ಬೆಚ್ಚಗಿದ್ದವು ಹೆಚ್ಚು ಬದುಕಿದವು. ಹಾಗಾಗಿ ದಂಡೆಗೆ ಬಂದ ಆಮೆಯನ್ನು ನೀರಿಗೆ ತಳ್ಳಬೇಡಿ. ಬಿಸಿಲು ಬೀಳುವ ಕಡೆ ಹಲಗೆಗಳನ್ನು ಓರೆಯಾಗಿ ಹಾಕಿಕೊಡಿ, ಒಂದು ತುದಿ ನೀರೊಳಗಿರಲಿ.

ಎರಡನೇ ಡೋಸ್ ಈಗ ಖಂಡಿತ ಬೇಡ. 2,000 ಆಮೆ ಹಿಡಿಯುವುದೆಂದರೆ 2,000 ಹೊಸ ಗೀರು. ಸೂಜಿ ಬದಲಿಸದಿದ್ದರೆ ಒಂದರ ರಕ್ತದಿಂದ ಇನ್ನೊಂದಕ್ಕೆ ಸೋಂಕು. ಇಷ್ಟು ಮಾಡಿದರೂ ಪ್ರತಿಕಾಯ ಬರುವುದು ಮುಂದಿನ ತಿಂಗಳು.

ಈಗ ಮಾಡಬೇಕಾದ್ದು ಇಷ್ಟು. ದಂಡೆಯಲ್ಲಿ ಕೂತವನ್ನು ಮಾತ್ರ ಕೈಯಿಂದ ಎತ್ತಿ ಬೇರೆ ತೊಟ್ಟಿಗೆ ಹಾಕಿ, ಇಡೀ ಕೊಳಕ್ಕೆ ಬಲೆ ಎಳೆಯಬೇಡಿ. ತೊಟ್ಟಿಯಲ್ಲಿ ಚದರ ಮೀಟರಿಗೆ ಹತ್ತಕ್ಕಿಂತ ಹೆಚ್ಚು ಬೇಡ. ನೀರು 12–15 ಸೆಂ.ಮೀ. ಸಾಕು, ಕತ್ತು ಊದಿದ ಆಮೆಗೆ ಆಳದಿಂದ ಮೂಗು ಮೇಲಕ್ಕೆ ಚಾಚಲು ಆಗದೆ ಮುಳುಗಿ ಸಾಯುತ್ತದೆ. ಕೊಳದ ತಾಪಮಾನದಿಂದಲೇ ಶುರುಮಾಡಿ ದಿನಕ್ಕೆ ಎರಡು ಡಿಗ್ರಿಯಂತೆ 29–30ಕ್ಕೆ ಏರಿಸಿ. ಏರೇಟರ್ ಇರಲಿ. ಸತ್ತವನ್ನು ದಿನಕ್ಕೆ ಎರಡು ಸಲ ತೆಗೆದು ಸುಣ್ಣ ಹಾಕಿ ಹೂಳಿ, ಉಳಿದವು ಹೆಣ ಕಚ್ಚುತ್ತವೆ.

ಉತ್ತರ 2: ಅಗರ್ ತಟ್ಟೆ

ಶೀತರಕ್ತ ಸರ್ ಹೇಳಿದ್ದರಲ್ಲಿ ಒಂದು ಮಾತಿಗೆ ತಿದ್ದುಪಡಿ ಬೇಕು. ಬಿಸಿ ಏರಿಸುವ ಮೊದಲು ಅದು ಏರೋಮೋನಾಸ್ಸೇ ಹೌದೋ ಅಂತ ಗಟ್ಟಿಮಾಡಿಕೊಳ್ಳಿ. ಎಡ್ವರ್ಡ್‌ಸಿಯೆಲ್ಲಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಆಗಿದ್ದರೆ 30 ಡಿಗ್ರಿಯ ಆಸುಪಾಸು ಅದಕ್ಕೆ ಹಬ್ಬ.

ಈಗಿರುವ ವರದಿಯನ್ನು ನಂಬಿ ಮುಂದೆ ಹೋಗುವ ಹಾಗಿಲ್ಲ. ರಾತ್ರಿ ಯಾವಾಗಲೋ ಸತ್ತು ಬೆಳಗ್ಗೆ ಸಿಕ್ಕ ಆಮೆಯ ಚರ್ಮದ ಗಾಯಕ್ಕೆ ಸ್ವಾಬ್ ಹಾಕಿದರೆ ಏರೋಮೋನಾಸ್ ಬಂದೇ ಬರುತ್ತದೆ, ಯಾವ ಕಾರಣಕ್ಕೆ ಸತ್ತಿದ್ದರೂ ಬರುತ್ತದೆ. ಕೊಳದ ನೀರಿಗೆ ಸ್ವಾಬ್ ಅದ್ದಿದ್ದರೂ ಇದೇ ವರದಿ ಸಿಗುತ್ತಿತ್ತು.

ಸರಿಯಾದ ಸ್ಯಾಂಪಲ್ ಹೀಗೆ: ಲಕ್ಷಣ ಸ್ಪಷ್ಟವಾಗಿರುವ, ಇನ್ನೂ ಜೀವವಿರುವ ಐದು ಆಮೆ. ಪಶುವೈದ್ಯರು ನೋವಿಲ್ಲದೆ ಕೊಂದ ಮೇಲೆ ಹೊಟ್ಟೆಚಿಪ್ಪಿಗೆ 70% ಆಲ್ಕೊಹಾಲ್ ಒರೆಸಿ, ಅಂಚಿನಲ್ಲಿ ಕತ್ತರಿಸಿ ಎತ್ತಿ. ಕರುಳು ಮುಟ್ಟುವ ಮೊದಲೇ ಹೃದಯದ ರಕ್ತ, ಲಿವರ್, ಗುಲ್ಮದಿಂದ ಲೂಪ್‌ನಲ್ಲಿ (ತಂತಿಯ ಕುಣಿಕೆಯಲ್ಲಿ) ಸ್ಯಾಂಪಲ್ ತೆಗೆಯಿರಿ. ಕರುಳು ತೂತಾದರೆ ಆ ಆಮೆಯ ಸ್ಯಾಂಪಲ್ ಬಿಟ್ಟುಬಿಡಿ. ಬ್ಲಡ್ ಅಗರ್ ಮೇಲೆ, ಟ್ರಿಪ್ಟಿಕ್ ಸೋಯಾ ಅಗರ್ ಮೇಲೆ ಗೆರೆ ಎಳೆದು 28 ಡಿಗ್ರಿಯಲ್ಲಿ 24 ಗಂಟೆ ಇಡಿ. ಐದರಲ್ಲಿ ನಾಲ್ಕರ ರಕ್ತದಿಂದ ಒಂದೇ ಬಗೆಯ ಕಾಲೊನಿ ದಟ್ಟವಾಗಿ ಬಂದರೆ ಅದಕ್ಕೆ ಅರ್ಥವಿದೆ. ನಾಲ್ಕು ಬಗೆ ಕಲಸಿಕೊಂಡು ಬಂದರೆ ಸ್ಯಾಂಪಲ್ ಕೆಟ್ಟಿದೆ ಅಂತಲೇ ಲೆಕ್ಕ.

ಬೇರ್ಪಡಿಸುವುದು ಕಷ್ಟವಿಲ್ಲ. ಏರೋಮೋನಾಸ್ ಆಕ್ಸಿಡೇಸ್ ಎಂಬ ಕಿಣ್ವದ ಪರೀಕ್ಷೆಯಲ್ಲಿ ಪಾಸಿಟಿವ್, ಬ್ಲಡ್ ಅಗರ್‌ನಲ್ಲಿ ಕಾಲೊನಿಯ ಸುತ್ತ ರಕ್ತ ಕರಗಿದ ತಿಳಿ ಉಂಗುರ ಕಾಣುವುದು ಸಾಮಾನ್ಯ. ಎಡ್ವರ್ಡ್‌ಸಿಯೆಲ್ಲಾ ಟಾರ್ಡಾ ಆಕ್ಸಿಡೇಸ್ ನೆಗೆಟಿವ್, ಹೈಡ್ರೋಜನ್ ಸಲ್ಫೈಡ್ ಬಿಡುವುದರಿಂದ ಎಕ್ಸ್‌ಎಲ್‌ಡಿ ಅಗರ್‌ನಲ್ಲಿ ನಡುವೆ ಕಪ್ಪಾದ ಪುಟ್ಟ ಕಾಲೊನಿ. ಜಾತಿಯ ಹೆಸರು ನಿಖರವಾಗಿ ಬೇಕಿದ್ದರೆ ಕಿಟ್ ಪಟ್ಟಿಗಳನ್ನು ನಂಬಬೇಡಿ, ಅವು ಏರೋಮೋನಾಸ್ ಕುಲದ ಹೈಡ್ರೋಫಿಲಾ, ವೆರೋನಿ, ಢಾಕೆನ್ಸಿಸ್ ಜಾತಿಗಳನ್ನು ಅದಲುಬದಲು ಮಾಡುತ್ತವೆ. ಬ್ಯಾಕ್ಟೀರಿಯಾ ಗುರುತಿಸಲು ಸಾಮಾನ್ಯವಾಗಿ ಓದಿಸುವ 16ಎಸ್ ಜೀನ್ ಸೀಕ್ವೆನ್ಸ್ ಕೂಡ ಇಲ್ಲಿ ಸಾಲದು. ಜೈರ್‌ಬಿ ಅಥವಾ ಆರ್‌ಪಿಒಡಿ ಜೀನ್ ಓದಿಸಿ. ಲಸಿಕೆ ಹಾಕಿದ ತಳಿ ಒಂದು, ಕೊಲ್ಲುತ್ತಿರುವ ತಳಿ ಇನ್ನೊಂದು ಆಗಿರುವುದು ಅಪರೂಪವಲ್ಲ.

ಔಷಧಿ ಸೂಕ್ಷ್ಮತೆಯ ಪರೀಕ್ಷೆಯನ್ನು ಮುಲ್ಲರ್-ಹಿಂಟನ್ ಅಗರ್‌ನಲ್ಲಿ, 28 ಡಿಗ್ರಿಯಲ್ಲಿ, 24ರಿಂದ 28 ಗಂಟೆ ಮಾಡಿಸಿ. ಫಲಿತಾಂಶ ತಾಳೆ ನೋಡಲು ಪಕ್ಕದಲ್ಲಿ ಎಟಿಸಿಸಿ 25922 ಎಂಬ ಮಾದರಿ ಇ. ಕೋಲೈ ತಳಿಯೂ ಓಡಿರಬೇಕು. ವರದಿಯಲ್ಲಿ ಏರೋಮೋನಾಸ್ ಆಂಪಿಸಿಲಿನ್‌ಗೆ ಬಗ್ಗುತ್ತದೆ ಅಂತಿದ್ದರೆ ಇಡೀ ವರದಿಯನ್ನೇ ಅನುಮಾನಿಸಿ, ಅದಕ್ಕೆ ಬಗ್ಗದಿರುವುದು ಈ ಕುಲದ ಬಹುತೇಕ ಜಾತಿಗಳ ಹುಟ್ಟುಗುಣ.

ಇನ್ನೊಂದು ಮುಖ್ಯ ವಿಷಯ, ವೈರಸ್. ಮೆದುಚಿಪ್ಪಿನ ಆಮೆಯ ಇರಿಡೋವೈರಸ್ಸಿನಲ್ಲೂ ಕತ್ತು ಇದೇ ರೀತಿ ಕೆಂಪಾಗಿ ಊದುತ್ತದೆ. ಚೀನಾದಲ್ಲಿ 1990ರ ದಶಕದ ಕೊನೆಯಲ್ಲೇ ಅದನ್ನು ಬೇರ್ಪಡಿಸಿದ್ದಾರೆ, ರಾನಾವೈರಸ್ ಗುಂಪಿನದು. ವೈರಸ್ ಮೊದಲು ದಾರಿ ಮಾಡಿ, ಏರೋಮೋನಾಸ್ ಹಿಂದಿನಿಂದ ನುಗ್ಗುವುದೂ ಉಂಟು. ಅದೇ ಐದು ಆಮೆಗಳ ಲಿವರ್, ಗುಲ್ಮ, ಮೂತ್ರಪಿಂಡದಿಂದ ಕಡಲೆಕಾಳಿನಷ್ಟು ತುಂಡು 95% ಎಥನಾಲ್‌ನಲ್ಲಿ ಹಾಕಿ, ವೈರಸ್ಸಿನ ಹೊರಕವಚದ ಪ್ರೋಟೀನಿನ ಎಂಸಿಪಿ ಜೀನ್‌ಗೆ ಪಿಸಿಆರ್ ಕೇಳಿ. ಹೊಟ್ಟೆಚಿಪ್ಪು ಕೆಂಪಾಗುವ ಬದಲು ರಕ್ತವೇ ಇಲ್ಲದಂತೆ ಬೆಳ್ಳಗಾಗಿ, ಲಿವರ್ ಜೇಡಿಮಣ್ಣಿನ ಬಣ್ಣಕ್ಕೆ ತಿರುಗಿ, ಕರುಳಲ್ಲಿ ಹೆಪ್ಪುಗಟ್ಟಿದ ರಕ್ತ ಸಿಕ್ಕರೆ ಅದು ಬಿಳಿ ಹೊಟ್ಟೆಚಿಪ್ಪಿನ ರೋಗ. ಅಲ್ಲಿ ವೈರಸ್ ಅನುಮಾನ ಇನ್ನೂ ಬಲ, ಅದಕ್ಕೆ ಆರ್‌ಎನ್‌ಎ ವೈರಸ್ ಪರೀಕ್ಷೆಯೂ ಬೇಕು, ಎಥನಾಲ್ ಬದಲು ಆರ್‌ಎನ್‌ಎ ಕಾಪಾಡುವ ದ್ರಾವಣ ಬಳಸಿ.

ರಕ್ತ ಪರೀಕ್ಷೆಗೆ ಕಳಿಸುವುದಾದರೆ ಹೆಪ್ಪುಗಟ್ಟದಂತೆ ತಡೆಯಲು ಇಡಿಟಿಎ ಇರುವ ಟ್ಯೂಬ್ ಬೇಡ, ಆಮೆಯ ಕೆಂಪುಕಣ ಅದರಲ್ಲಿ ಒಡೆಯುತ್ತವೆ. ಲಿಥಿಯಂ ಹೆಪಾರಿನ್ ಬಳಸಿ. 200 ಗ್ರಾಂ ಆಮೆಯಿಂದ ಒಂದು ಮಿ.ಲೀ. ಮೀರಬೇಡಿ. ಕೆಂಪುಕಣಕ್ಕೂ ನ್ಯೂಕ್ಲಿಯಸ್ ಇರುವುದರಿಂದ ಯಂತ್ರದ ಎಣಿಕೆ ತಪ್ಪು ಬರುತ್ತದೆ, ಕೈಯಿಂದಲೇ ಎಣಿಸಬೇಕು.

ಕೊಳದಂಚು

ತುಂಬಾ ಉಪಕಾರವಾಯಿತು. ಹೇಳಿದಂತೆ ಐದು ಜೀವಂತ ಆಮೆಗಳಿಂದ ಸ್ಯಾಂಪಲ್ ಕಳಿಸಿ ಆಯಿತು. ಐದರಲ್ಲೂ ಹೃದಯದ ರಕ್ತದಿಂದ ಒಂದೇ ಬಗೆಯ ಕಾಲೊನಿ, ಆಕ್ಸಿಡೇಸ್ ಪಾಸಿಟಿವ್, ಏರೋಮೋನಾಸ್. ಫ್ಲೋರ್‌ಫೆನಿಕಾಲ್‌ಗೂ ಎನ್ರೋಫ್ಲಾಕ್ಸಸಿನ್‌ಗೂ ಬಗ್ಗುತ್ತದೆ. ಇರಿಡೋವೈರಸ್ ಪಿಸಿಆರ್ ನೆಗೆಟಿವ್.

ಹಾಗಿದ್ದರೆ ಆಹಾರದಲ್ಲಿ ಕೊಟ್ಟ ಅದೇ ಫ್ಲೋರ್‌ಫೆನಿಕಾಲ್ ಕೆಲಸ ಮಾಡಲಿಲ್ಲ ಯಾಕೆ ಅನ್ನುವುದು ಅರ್ಥವಾಗುತ್ತಿಲ್ಲ. ಆಹಾರ ದಿನಕ್ಕೆ 8 ಕಿಲೋ ಹೋಗುತ್ತಿದ್ದದ್ದು ಈಗ 2 ಕಿಲೋ. ನೀರಿನಲ್ಲಿ ಒಟ್ಟು ಅಮೋನಿಯಾ ಲೀಟರಿಗೆ 1.8 ಮಿ.ಗ್ರಾಂ., ಮಧ್ಯಾಹ್ನದ ಪಿಎಚ್ 8.4. ಕೆಲವು ಆಮೆಗಳ ಕಾಲಿನ ಬುಡದಲ್ಲಿ ಬಟಾಣಿ ಗಾತ್ರದ ಗಟ್ಟಿ ಗಂಟು ಬಂದಿದೆ, ಒತ್ತಿದರೆ ಕೀವು ಹರಿಯುವುದಿಲ್ಲ. ನಾಳೆ ಕೊಳಕ್ಕೆ ಸುಣ್ಣ ಹಾಕುವ ಯೋಚನೆ ಇದೆ.

ಉತ್ತರ 3: ಜಲಚರವೈದ್ಯ

ಔಷಧಿ ಸರಿ ಇದೆ, ಅದು ಆಮೆಯ ಹೊಟ್ಟೆಗೆ ಹೋಗುತ್ತಿಲ್ಲ. ನಿಮ್ಮದೇ ಅಂಕಿ ತೆಗೆದುಕೊಳ್ಳಿ. 2,000 ಆಮೆ, ತಲಾ 200 ಗ್ರಾಂ ಅಂದರೆ 400 ಕಿಲೋ. ಕಿಲೋಗೆ 15 ಮಿ.ಗ್ರಾಂ.ನಂತೆ ದಿನಕ್ಕೆ 6 ಗ್ರಾಂ ಶುದ್ಧ ಔಷಧಿ, 10% ಪುಡಿಯಾದರೆ 60 ಗ್ರಾಂ. ಈ 60 ಗ್ರಾಂ ಅನ್ನು 8 ಕಿಲೋ ಆಹಾರದ ಲೆಕ್ಕದಲ್ಲಿ ಕಲಸಿ ಅವು ತಿಂದದ್ದು 2 ಕಿಲೋ ಆದರೆ ಒಳಗೆ ಹೋದದ್ದು 1.5 ಗ್ರಾಂ, ಕಾಲು ಭಾಗ. ಆ ಕಾಲು ಭಾಗವನ್ನೂ ತಿಂದದ್ದು ಆರೋಗ್ಯವಾಗಿರುವವು. ಕತ್ತು ಊದಿದ್ದು ಒಂದು ತುತ್ತೂ ತಿಂದಿಲ್ಲ.

ಹಾಗಾಗಿ ಚಿಕಿತ್ಸೆಯನ್ನು ಎರಡಾಗಿ ಒಡೆಯಿರಿ. ಕೊಳದಲ್ಲಿ ಇನ್ನೂ ತಿನ್ನುತ್ತಿರುವವಕ್ಕೆ ಆಹಾರದಲ್ಲಿ, ತೊಟ್ಟಿಯಲ್ಲಿರುವವಕ್ಕೆ ಇಂಜೆಕ್ಷನ್.

ಆಹಾರದ ಲೆಕ್ಕವನ್ನು ನಿನ್ನೆ ನಿಜವಾಗಿ ತಿಂದ ತೂಕದ ಮೇಲೆ ಕಟ್ಟಿ. 2 ಕಿಲೋ ತಿನ್ನುತ್ತಿದ್ದರೆ ಒಂದೂವರೆ ಕಿಲೋದಲ್ಲಿ ಪೂರ್ತಿ 60 ಗ್ರಾಂ ಕಲಸಿ ಮೊದಲು ಇಡಿ, ಮುಗಿದ ಮೇಲೆ ಔಷಧಿ ಇಲ್ಲದ್ದು ಕೊಡಿ. ಇಷ್ಟು ಗಟ್ಟಿಯಾಗಿ ಬೆರೆಸಿದಾಗ ರುಚಿ ಕೆಟ್ಟು ಮೂಸಿ ಬಿಡುವುದುಂಟು, ಆಗ ಮೊತ್ತವನ್ನು ಎರಡು ಹೊತ್ತಿಗೆ ಹಂಚಿ. ಪುಡಿಯನ್ನು ಮೊದಲು ಒಂದು ಹಿಡಿ ಒಣ ಆಹಾರದಲ್ಲಿ ಬೆರೆಸಿ, ಆಮೇಲೆ ಉಳಿದದ್ದಕ್ಕೆ ಸೇರಿಸಿ ನೀರು ಹಾಕಿ ಮುದ್ದೆ ಕಟ್ಟಿ. ನೇರವಾಗಿ ಸುರಿದರೆ ಒಂದು ಮುದ್ದೆಯಲ್ಲಿ ಹತ್ತು ಪಾಲು, ಇನ್ನೊಂದರಲ್ಲಿ ಸೊನ್ನೆ. ಮುದ್ದೆಯನ್ನು ನೀರಿನ ಅಂಚಿಗಿಂತ ಎರಡು ಬೆರಳು ಮೇಲೆ ಹಲಗೆಗೆ ಒತ್ತಿ, ನೀರೊಳಗಿಟ್ಟರೆ ಔಷಧಿ ತೊಳೆದುಹೋಗುತ್ತದೆ. ಹತ್ತು ದಿನ ಬಿಡದೆ ಕೊಡಿ. ನಾಲ್ಕನೇ ದಿನಕ್ಕೆ ಸಾವು ನಿಂತಿತೆಂದು ನಿಲ್ಲಿಸಿದರೆ ಮೂರನೇ ವಾರ ಮತ್ತೆ ಬರುತ್ತದೆ, ಆಗ ಬರುವುದು ಔಷಧಿಗೆ ಬಗ್ಗದ ತಳಿ.

ಇಂಜೆಕ್ಷನ್‌ಗೆ ಎನ್ರೋಫ್ಲಾಕ್ಸಸಿನ್ ಕಿಲೋಗೆ 5 ಮಿ.ಗ್ರಾಂ. ಆದರೆ ಇದು ತಿನ್ನಲು ಮಾರುವ ಪ್ರಾಣಿಯಾದ್ದರಿಂದ ನಿಮ್ಮ ದೇಶದಲ್ಲಿ ಈ ಬಳಕೆಗೆ ಅನುಮತಿ ಇದೆಯೇ ಎಂದು ಸ್ಥಳೀಯ ಪಶುವೈದ್ಯರಿಂದ ಮೊದಲು ಬರೆಸಿಕೊಳ್ಳಿ. ಅಮೆರಿಕದಲ್ಲಿ ಆಹಾರದ ಪ್ರಾಣಿಗಳಿಗೆ ಎನ್ರೋಫ್ಲಾಕ್ಸಸಿನ್ ಸೇರಿದ ಗುಂಪಾದ ಫ್ಲೋರೋಕ್ವಿನೋಲೋನ್‌ಗಳನ್ನು ಲೇಬಲ್ ಮೀರಿ ಬಳಸುವುದನ್ನು 1997ರಲ್ಲೇ ನಿಷೇಧಿಸಿದ್ದಾರೆ. ಅನುಮತಿ ಇದ್ದರೆ, 200 ಗ್ರಾಂ ಆಮೆಗೆ ಬೇಕಾದದ್ದು 1 ಮಿ.ಗ್ರಾಂ. 2.5% ದ್ರಾವಣದಲ್ಲಿ ಅದು 0.04 ಮಿ.ಲೀ., ಅಷ್ಟನ್ನು ಸಿರಿಂಜಿನಲ್ಲಿ ಅಳೆಯಲು ಆಗುವುದಿಲ್ಲ. ಒಂದು ಪಾಲು ಔಷಧಿಗೆ ನಾಲ್ಕು ಪಾಲು ಸ್ಟೆರೈಲ್ ಸಲೈನ್ ಸೇರಿಸಿದರೆ ಮಿ.ಲೀ.ಗೆ 5 ಮಿ.ಗ್ರಾಂ. ಆಗುತ್ತದೆ, ಆಗ ಒಂದು ಆಮೆಗೆ 0.2 ಮಿ.ಲೀ. ಈ ದ್ರಾವಣ ಬಹಳ ಕ್ಷಾರೀಯ, ಹಾಗೇ ಚುಚ್ಚಿದರೆ ಸ್ನಾಯು ಸುಟ್ಟಂತಾಗಿ ಕೊಳೆಯುತ್ತದೆ, ತೆಳು ಮಾಡಲು ಅದೂ ಒಂದು ಕಾರಣ. ಬೆರೆಸಿದ್ದನ್ನು ಕೂಡಲೇ ಬಳಸಿ, ಉಳಿಸಬೇಡಿ.

ಚುಚ್ಚುವುದು ಮುಂಗಾಲಿನ ಸ್ನಾಯುವಿಗೆ. ಆಮೆಯ ದೇಹದ ಹಿಂಭಾಗದ ರಕ್ತ ಮೂತ್ರಪಿಂಡದ ಮೂಲಕ ಹಾಯ್ದು ಹೋಗುವ ದಾರಿ ಇದೆ. ಹಿಂಗಾಲಿಗೆ ಕೊಟ್ಟ ಔಷಧಿ ಮೈಗೆಲ್ಲ ಹರಡುವ ಮೊದಲೇ ಒಂದಷ್ಟು ಮೂತ್ರದಲ್ಲಿ ಹೋಗಬಹುದು. ಜೆಂಟಾಮೈಸಿನ್, ಅಮಿಕಾಸಿನ್‌ನಂಥವಾದರೆ ಮೂತ್ರಪಿಂಡಕ್ಕೇ ಪೆಟ್ಟು. ದಿನ ಬಿಟ್ಟು ದಿನ, ಒಂದು ಸಲ ಎಡ, ಒಂದು ಸಲ ಬಲ. ಪ್ರತಿ ಆಮೆಗೂ ಹೊಸ ಸೂಜಿ.

ಆ ಗಂಟುಗಳು ಕೀವೇ. ಆಮೆಯಲ್ಲಿ ನಮ್ಮ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣದ ಜಾಗದಲ್ಲಿ ಹೆಟೆರೋಫಿಲ್ ಎಂಬ ಕಣ ಇರುತ್ತದೆ, ಕೀವನ್ನು ಕರಗಿಸಿ ನೀರಾಗಿಸುವ ಕಿಣ್ವಬಲ ಅದರಲ್ಲಿ ಕಡಿಮೆ. ಹಾಗಾಗಿ ಕೀವು ಬಟ್ಟೆಯಲ್ಲಿ ಹಿಂಡಿಟ್ಟ ಮೊಸರಿನ ಹಾಗೆ ಗಟ್ಟಿಯಾಗಿ, ಹಳದಿ ಪದರ ಪದರವಾಗಿ ಕೂರುತ್ತದೆ, ಸುತ್ತ ನಾರಿನ ಗೋಡೆ ಕಟ್ಟಿಕೊಳ್ಳುತ್ತದೆ. ಸೋಂಕು ಹರಡದಂತೆ ಆಮೆ ಕಟ್ಟಿಕೊಂಡ ಕೋಟೆ ಅದು, ಆದರೆ ರಕ್ತನಾಳವಿಲ್ಲದ ಆ ಗಂಟಿನೊಳಕ್ಕೆ ಔಷಧಿಯೂ ಹೋಗಲಾರದು. ಸೂಜಿ ಚುಚ್ಚಿ ಎಳೆದರೆ ಏನೂ ಬರುವುದಿಲ್ಲ. ವೈದ್ಯರೇ ಮರಗಟ್ಟಿಸಿ, ಗಂಟಿನ ಉದ್ದಕ್ಕೂ ಸೀಳಿ, ಗೋಡೆ ಸಮೇತ ಕೆರೆದು ತೆಗೆಯಬೇಕು. ಸ್ವಲ್ಪ ಉಳಿದರೂ ಅಲ್ಲೇ ಮತ್ತೆ ಕಟ್ಟುತ್ತದೆ. ಗುಳಿಯನ್ನು ಸಲೈನ್‌ನಲ್ಲಿ ತೊಳೆದು, ಹೊಲಿಯದೆ, ಹತ್ತು ಪಟ್ಟು ತೆಳು ಮಾಡಿದ ಪೊವಿಡೋನ್ ಅಯೋಡಿನ್ ಹಚ್ಚಿ ಒದ್ದೆ ಬಟ್ಟೆಯ ಮೇಲೆ ಅರ್ಧ ಗಂಟೆ ಬಿಡಿ, ಆಮೇಲೆ ಶುದ್ಧ ನೀರಿಗೆ. ಮೆದುಚಿಪ್ಪಿನ ಆಮೆಯನ್ನು ಗಟ್ಟಿಚಿಪ್ಪಿನದರ ಹಾಗೆ ಇಡೀ ದಿನ ಒಣಗಲು ಬಿಟ್ಟರೆ ಚರ್ಮವೇ ಬಿರಿಯುತ್ತದೆ.

ಮಾರಾಟಕ್ಕೆ ಮೊದಲಿನ ಬಿಡುವು: ಮೀನಿಗೆ 500 ಡಿಗ್ರಿ-ದಿನ (ನೀರಿನ ತಾಪಮಾನವನ್ನು ದಿನಗಳಿಂದ ಗುಣಿಸಿದ್ದು) ಎಂಬ ಲೆಕ್ಕವಿದೆ, 25 ಡಿಗ್ರಿ ನೀರಿನಲ್ಲಿ ಇಪ್ಪತ್ತು ದಿನ. ಆಮೆಗೆ ಇದಕ್ಕಿಂತ ಕಡಿಮೆ ಇಟ್ಟುಕೊಳ್ಳಬೇಡಿ. ಕ್ಲೋರಾಂಫೆನಿಕಾಲ್, ನೈಟ್ರೋಫುರಾನ್, ಮ್ಯಾಲಕೈಟ್ ಗ್ರೀನ್ ಯಾರೇ ಹೇಳಿದರೂ ಕೊಳದ ಹತ್ತಿರ ತರಬೇಡಿ.

ಉತ್ತರ 4: ತಿಳಿನೀರು

ನಾಳೆಯ ಸುಣ್ಣ ನಿಲ್ಲಿಸಿ, ಇದು ತುರ್ತು.

ಒಟ್ಟು ಅಮೋನಿಯಾ 1.8 ಇದ್ದು ಪಿಎಚ್ 8.4, ನೀರು 26 ಡಿಗ್ರಿ ಇದ್ದಾಗ ಅದರಲ್ಲಿ ಸುಮಾರು 13% ವಿಷಕಾರಿ ರೂಪದಲ್ಲಿರುತ್ತದೆ, ಅಂದರೆ ಲೀಟರಿಗೆ 0.24 ಮಿ.ಗ್ರಾಂ. ಇದೇ ಜಾಸ್ತಿ. ಸುಣ್ಣ ಬಿದ್ದು ಪಿಎಚ್ 9.2 ಮುಟ್ಟಿದರೆ ಅರ್ಧಕ್ಕರ್ಧ ವಿಷವಾಗುತ್ತದೆ, 0.9. ಒಂದೇ ಮಧ್ಯಾಹ್ನದಲ್ಲಿ ನಾಲ್ಕು ಪಟ್ಟು. ಈ ಆಮೆ ಗಂಟಲಿನ ಒಳಗೋಡೆಯ ಎಳೆಗಳ ಮೂಲಕ ನೀರಿನಿಂದ ಆಮ್ಲಜನಕ ಹೀರುತ್ತದೆ, ಬಾಯಿಂದಲೇ ಯೂರಿಯಾ ಹೊರಹಾಕುತ್ತದೆ ಎಂದು 2012ರಲ್ಲಿ ತೋರಿಸಿದ್ದಾರೆ. ಕೆಟ್ಟ ನೀರು ಮೊದಲು ಸುಡುವುದು ಆ ಗಂಟಲನ್ನೇ.

ಮೊದಲು ನೀರು ಬದಲಿಸಿ. ದಿನಕ್ಕೆ ಐದನೇ ಒಂದು ಭಾಗ ತಳದಿಂದ ತೆಗೆದು, ಅದೇ ತಾಪಮಾನದ ನೀರು ಬಿಡಿ, ವ್ಯತ್ಯಾಸ ಎರಡು ಡಿಗ್ರಿ ಮೀರದಿರಲಿ. ಬೋರ್‌ವೆಲ್ ನೀರನ್ನು ನೇರ ಬಿಡಬೇಡಿ, ಒಂದು ದಿನ ಬಿಸಿಲಿಗೆ ಒಡ್ಡಿ. ಉಳಿದ ಆಹಾರವನ್ನು ಒಂದು ಗಂಟೆಯಲ್ಲಿ ತೆಗೆಯಿರಿ. ಒಟ್ಟು ಅಮೋನಿಯಾ 0.5ಕ್ಕಿಂತ ಕೆಳಗೆ, ಬೆಳಗಿನ ಪಿಎಚ್ 7.5ರ ಹತ್ತಿರ ಬಂದ ಮೇಲೆ ಸುಟ್ಟ ಸುಣ್ಣ ಲೀಟರಿಗೆ 15 ಮಿ.ಗ್ರಾಂ. ಲೆಕ್ಕದಲ್ಲಿ ಹಾಕಬಹುದು. ನಿಮ್ಮ ಕೊಳದ ನೀರು 1,000 ಘನ ಮೀಟರ್, ಹಾಗಾಗಿ 15 ಕಿಲೋ. ಅರಳಿಸಿ, ಆರಿಸಿ, ತಿಳಿ ಹಾಲಾಗಿಸಿ ಬೆಳಗ್ಗೆ ಎರಚಿ, ಮಧ್ಯಾಹ್ನ ಬೇಡ, ಆಗಲೇ ಪಿಎಚ್ ತಾನಾಗಿ ಏರಿರುತ್ತದೆ. ಸುಣ್ಣ ಹಾಕಿದ ವಾರದಲ್ಲಿ ಬ್ಲೀಚಿಂಗ್ ಪೌಡರ್ ಹಾಕಬೇಡಿ. ಪಿಎಚ್ ಏರಿದ ನೀರಿನಲ್ಲಿ ಕ್ಲೋರಿನ್ ತನ್ನ ಕೊಲ್ಲುವ ಶಕ್ತಿಯನ್ನು ಬಹುಪಾಲು ಕಳೆದುಕೊಳ್ಳುತ್ತದೆ.

ಉತ್ತರ 5: ಮರಿಮನೆ

ಈ ಎಳೆ ಓದಿ ಕೆಲವರು ಮರಿಗಳಿಗೆ ಮುಂಜಾಗ್ರತೆಯಾಗಿ ಆಂಟಿಬಯೋಟಿಕ್ ಶುರುಮಾಡಬಹುದು ಅನ್ನುವ ಭಯದಿಂದ ಬರೆಯುತ್ತಿದ್ದೇನೆ. ಮಾಡಬೇಡಿ. ಮನುಷ್ಯರಿಗೆ ಹತ್ತುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಕಾರಣಕ್ಕೆ ಅಮೆರಿಕ 1975ರಲ್ಲಿ ನಾಲ್ಕು ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟ ನಿಲ್ಲಿಸಿತು. ಅದಾದ ಮೇಲೆ ಲೂಯಿಸಿಯಾನಾದ ಸಾಕಣೆದಾರರು ಮೊಟ್ಟೆಗಳನ್ನು ಜೆಂಟಾಮೈಸಿನ್ ದ್ರಾವಣದಲ್ಲಿಟ್ಟು ಒತ್ತಡದ ವ್ಯತ್ಯಾಸದಿಂದ ಔಷಧಿ ಚಿಪ್ಪಿನೊಳಕ್ಕೆ ಎಳೆಯುವಂತೆ ಮಾಡಿದರು. ಆರಂಭದಲ್ಲಿ ಫಲ ಸಿಕ್ಕಿತು. ಆಮೇಲೆ ಜೆಂಟಾಮೈಸಿನ್‌ಗೆ ಬಗ್ಗದ ಸಾಲ್ಮೊನೆಲ್ಲಾ ಮರಿಗಳಲ್ಲೇ ಸಿಗತೊಡಗಿತು.

ಮರಿಗಳಿಗೆ ಬರುವ ಬಿಳಿ ಚುಕ್ಕೆ ರೋಗದ ವಿಷಯದಲ್ಲಿ ಇದು ಇನ್ನೂ ಅಪಾಯ. ಬೆನ್ನುಚಿಪ್ಪಿನ ಅಂಚಿನಲ್ಲಿ, ನೀರಲ್ಲಿದ್ದಾಗ ಮಾತ್ರ ಬೆಳ್ಳಗೆ ಕಂಡು ಹೊರತೆಗೆದರೆ ಮಾಯವಾಗುವ ಮಚ್ಚೆ ಬಹುಪಾಲು ಶಿಲೀಂಧ್ರದ್ದು. ಆಂಟಿಬಯೋಟಿಕ್ ಕೊಟ್ಟರೆ ಅದಕ್ಕೆ ಪೈಪೋಟಿ ಕೊಡುವ ಬ್ಯಾಕ್ಟೀರಿಯಾ ಸತ್ತು ಶಿಲೀಂಧ್ರ ಇನ್ನೂ ಹರಡುತ್ತದೆ. ತೀರಾ ತಿಳಿಯಾದ ನೀರೂ ಅದಕ್ಕೆ ಇಷ್ಟ. ಒತ್ತಿದಾಗ ಗಟ್ಟಿ ಬೀಜದಂಥದ್ದು ಹೊರಬಿದ್ದು ಗುಳಿ ಉಳಿದರೆ ಅದು ಬ್ಯಾಕ್ಟೀರಿಯಾದ ಕುರು. ಅನುಮಾನವಿದ್ದರೆ ಕೆರೆದು ಒಂದು ಹನಿ ನೀರಲ್ಲಿ ಮೈಕ್ರೋಸ್ಕೋಪ್ ಕೆಳಗಿಡಿ, ನೂಲಿನಂಥ ಎಳೆ ಕಂಡರೆ ಶಿಲೀಂಧ್ರ.

ತೊಟ್ಟಿಯಲ್ಲಿ ಕೆಲಸ ಮಾಡುವವರು ಗ್ಲೌಸ್ ಹಾಕಿ. ಕೈಯಲ್ಲಿ ಗಾಯವಿದ್ದರೆ ಏರೋಮೋನಾಸ್, ಎಡ್ವರ್ಡ್‌ಸಿಯೆಲ್ಲಾ ಎರಡೂ ಮನುಷ್ಯರಿಗೆ ಹತ್ತುತ್ತವೆ.

ಶೀತರಕ್ತ

ಅಗರ್ ತಟ್ಟೆಯವರ ತಿದ್ದುಪಡಿ ಸರಿ. ಈಗ ಏರೋಮೋನಾಸ್ ಅಂತ ಖಚಿತವಾಗಿರುವುದರಿಂದ ತೊಟ್ಟಿಯ ನೀರನ್ನು 29–30ಕ್ಕೆ ಧೈರ್ಯವಾಗಿ ಏರಿಸಿ.

ಮುಂದಿನ ತಂಡಕ್ಕೆ ಲಸಿಕೆಯ ದಿನವನ್ನು ಹೊರಗೆ ಬಿಡುವ ದಿನದಿಂದ ಹಿಂದಕ್ಕೆ ಎಣಿಸಿ ಇಡಿ. ಹೊರಕೊಳದ ತಳದ ನೀರು ಬೆಳಗ್ಗೆ ಆರಕ್ಕೆ 25 ಡಿಗ್ರಿಗಿಂತ ಮೇಲೆ ಹತ್ತು ದಿನ ನಿಂತಿರಬೇಕು. ಅದಕ್ಕೆ ಎಂಟು ವಾರ ಮೊದಲು, ಶೆಡ್ ಇನ್ನೂ 30 ಡಿಗ್ರಿ ಇರುವಾಗಲೇ ಮೊದಲ ಡೋಸ್, ನಾಲ್ಕು ವಾರ ಬಿಟ್ಟು ಎರಡನೆಯದು. ಎರಡನೇ ಡೋಸಿಗೆ ಸ್ತನಿಗಳಲ್ಲಿ ಆಗುವಂಥ ದೊಡ್ಡ ಜಿಗಿತ ನಿರೀಕ್ಷಿಸಬೇಡಿ, ಮಟ್ಟ ಬೀಳದಂತೆ ಹಿಡಿದಿಡುವುದೇ ಅದರ ಕೆಲಸ. ಲಸಿಕೆಯನ್ನು ಈಗ ರಕ್ತದಿಂದ ಸಿಕ್ಕ ತಳಿಯಿಂದಲೇ ಮಾಡಿಸಿ, ಏರೋಮೋನಾಸ್‌ನಲ್ಲಿ ಮೇಲ್ಮೈ ಬಗೆಗಳು ಬಹಳ, ಒಂದರ ಲಸಿಕೆ ಇನ್ನೊಂದಕ್ಕೆ ಆಗುವುದಿಲ್ಲ. ಫಾರ್ಮಲಿನ್ ಹಾಕಿದ ಮೇಲೆ ನಿಜವಾಗಿ ಸತ್ತಿದೆಯೇ ಎಂದು ಹೊಸ ಅಗರ್ ತಟ್ಟೆಗೆ ಹಚ್ಚಿ ಮೂರು ದಿನ ನೋಡಬೇಕು. ಆಮೇಲೆ ಹತ್ತು ಆಮೆಗೆ ಹಾಕಿ ಎರಡು ವಾರ ಕಾಯಬೇಕು. ಇವೆರಡನ್ನೂ ಲ್ಯಾಬ್‌ನವರ ಹತ್ತಿರ ಬಾಯಿಬಿಟ್ಟು ಕೇಳಿ.

ಕೊನೆಯ ಐದು ದಿನ ಶೆಡ್‌ನ ನೀರನ್ನು ದಿನಕ್ಕೊಂದು ಡಿಗ್ರಿಯಂತೆ ಇಳಿಸಿ ಹೊರಗಿನ ಬೆಳಗಿನ ತಾಪಮಾನಕ್ಕೆ ಮುಟ್ಟಿಸಿ. ಬಿಡುವ ಹಿಂದಿನ ದಿನ ಆಹಾರ ಬೇಡ. ಟ್ರೇಯಲ್ಲಿ ಒಂದೇ ಪದರ, ಮೇಲೆ ಕೆಳಗೆ ಒದ್ದೆ ಬಟ್ಟೆ, ಒಂದರ ಮೇಲೊಂದು ರಾಶಿ ಹಾಕಬಾರದು. 3% ಉಪ್ಪುನೀರಿನಲ್ಲಿ ಹತ್ತು ನಿಮಿಷ ಇಟ್ಟು ಬಿಡಿ, ಅಂದರೆ ನೂರು ಲೀಟರಿಗೆ ಮೂರು ಕಿಲೋ.

ಸಾಗಿಸುವ ವಾರಕ್ಕೆ ಮೊದಲು ಲಸಿಕೆ ಹಿಡಿದಿದೆಯೇ ಅಂತ ನೋಡಿಬಿಡಿ. ಲಸಿಕೆ ಹಾಕಿದ ಹತ್ತು, ಹಾಕದೆ ಬೇರೆಯಾಗಿ ಉಳಿಸಿಕೊಂಡ ಐದು ಆಮೆಗಳ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ತೆಗೆದು, 96 ಗುಂಡಿಯ ತಟ್ಟೆಯಲ್ಲಿ ಎರಡೆರಡು ಪಟ್ಟು ತೆಳು ಮಾಡುತ್ತ ಹೋಗಿ, ಪ್ರತಿ ಗುಂಡಿಗೂ ಅಷ್ಟೇ ಪ್ರಮಾಣದ ಸತ್ತ ಏರೋಮೋನಾಸ್ ಹಾಕಿ ರಾತ್ರಿಯಿಡೀ ಬಿಡಿ. ತಳದಲ್ಲಿ ಚಿಕ್ಕ ಗುಂಡು ಚುಕ್ಕೆಯಾಗಿ ಕೂತರೆ ಪ್ರತಿಕಾಯ ಇಲ್ಲ, ತೆಳು ಚಾಪೆಯಂತೆ ಹರಡಿದರೆ ಇದೆ. ಲಸಿಕೆ ಹಾಕದವುಗಳಲ್ಲೂ ಮೊದಲ ಒಂದೆರಡು ಗುಂಡಿಯಲ್ಲಿ ಚಾಪೆ ಕಾಣಬಹುದು, ಆಮೆಗಳಲ್ಲಿ ಹುಟ್ಟಿನಿಂದಲೇ ಇರುವ ಪ್ರತಿಕಾಯ ಅದು, ವಯಸ್ಸಾದಂತೆ ಹೆಚ್ಚುತ್ತದೆ. ಲಸಿಕೆಯವು ಅದಕ್ಕಿಂತ ಕನಿಷ್ಠ ಎರಡು ಗುಂಡಿ ಮುಂದೆ ಹೋಗಿರಬೇಕು. ಹೋಗಿರದಿದ್ದರೆ ಶೆಡ್‌ನಲ್ಲೇ ಇನ್ನೆರಡು ವಾರ ಇಟ್ಟುಕೊಳ್ಳಿ.